ಬೆಟ್ಟದ ಮೇಲಿನ ಆ ಮನೆಯಲ್ಲಿ ಡಾಕ್ಟರೇ ಇರಲಿಲ್ಲ

ಮಿಷನರಿ ಅಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಕಿಟೆಲ್ ಮತ್ತು 1894ರ ಅವರ ನಿಘಂಟು. ಸ್ವಲ್ಪ ಹೆಚ್ಚು ಓದಿಕೊಂಡವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್ ಹೆಸರು ಹೇಳುತ್ತಾರೆ. ಅಚ್ಚಿನ ಕೆಲಸ ಮಾಡಿದವರನ್ನು ನಾವು ಮರೆತಿಲ್ಲ, ಸಂತೋಷ. ಹುಣ್ಣು ತೊಳೆದವರ ವಿಷಯಕ್ಕೆ ಬಂದರೆ ಕಥೆ ಬೇರೆ. ಮೈಸೂರಿನಲ್ಲಿ ‘ನಾನು ಮಿಷನ್ ಆಸ್ಪತ್ರೇಲಿ ಹುಟ್ಟಿದ್ದು’ ಅನ್ನುವವರು ಬೀದಿಗೊಬ್ಬರು ಸಿಗುತ್ತಾರೆ. ಗದಗ-ಬೆಟಗೇರಿ ಕಡೆ ‘ಜರ್ಮನ್ ಆಸ್ಪತ್ರೆ’ ಅಂದರೆ ಎಲ್ಲರಿಗೂ ಗೊತ್ತು. ಅಲ್ಲಿ ಕೆಲಸ ಮಾಡಿದವರು ಯಾರು, ರಾತ್ರಿ ಮನೆಗೆ ಹೋದ ಮೇಲೆ ಅವರ ಬದುಕು ಹೇಗಿತ್ತು, ಅವರ ಮಕ್ಕಳು ಎಲ್ಲಿ ಬೆಳೆದರು? ಕೇಳಿ ನೋಡಿ, ಉತ್ತರ ಸಿಗುವುದು ಕಷ್ಟ.

ಆಗಾಗ ಇಲ್ಲಿ ಯಾರೋ ಒಬ್ಬ ಮಿಷನರಿ ವೈದ್ಯರ ಹಳೇ ಫೋಟೋ ಹಂಚಿಕೊಳ್ಳುತ್ತಾರೆ. ಕೆಳಗೆ ಎರಡೇ ಬಗೆಯ ಕಾಮೆಂಟು. ಒಂದು ಕಡೆಯವರು ‘ದೇವತಾ ಮನುಷ್ಯ’ ಅಂತಾರೆ, ಇನ್ನೊಂದು ಕಡೆಯವರು ‘ಮತಾಂತರದ ಏಜೆಂಟ್’ ಅಂತಾರೆ. ಇಬ್ಬರೂ ಫೋಟೋದಲ್ಲಿರುವ ಆ ಒಬ್ಬ ಗಂಡಸಿನ ಬಗ್ಗೆಯೇ ಮಾತಾಡುತ್ತಾರೆ ಅನ್ನುವುದು ನನ್ನ ತಕರಾರು. ಕೆಲಸ ಒಬ್ಬರದ್ದಾಗಿರಲಿಲ್ಲ. ಅದು ಇಡೀ ಸಂಸಾರ ಸೇರಿ ನಡೆಸಿದ ಕೆಲಸ, ಮತ್ತು ಅದರ ಬೆಲೆಯನ್ನು ಹೆಚ್ಚಾಗಿ ತೆತ್ತವರು ಫೋಟೋದಿಂದ ಹೊರಗಿದ್ದವರು. ನನಗೆ ಚೆನ್ನಾಗಿ ಪರಿಚಯವಿರುವ ಒಂದೇ ಸಂಸಾರದ ಉದಾಹರಣೆ ಕೊಡುತ್ತೇನೆ. ನಮ್ಮ ಪಕ್ಕದ ತಮಿಳುನಾಡಿನದು.

ನಾಮಕ್ಕಲ್ ಹತ್ತಿರದ ಕೊಲ್ಲಿಮಲೈಗೆ ಈಗ ಎಪ್ಪತ್ತು ಹೇರ್‌ಪಿನ್ ತಿರುವುಗಳ ರಸ್ತೆಯಿದೆ, ಬೈಕಿನವರಿಗೆ ಹಬ್ಬ. 1913ರಲ್ಲಿ ಜೆಸ್ಸಿ ಬ್ರ್ಯಾಂಡ್ ಮತ್ತು ಎವೆಲಿನ್ ಎಂಬ ಇಂಗ್ಲಿಷ್ ದಂಪತಿ ಮದುವೆಯಾಗಿ ಆ ಬೆಟ್ಟ ಹತ್ತಿದಾಗ ಇದ್ದದ್ದು ಕಾಲುದಾರಿ ಮಾತ್ರ. ಮಲೇರಿಯಾಕ್ಕೆ ಹೆದರಿ ಬಯಲಿನ ಜನ ಆ ಕಡೆ ತಲೆಹಾಕುತ್ತಿರಲಿಲ್ಲ. ಜೆಸ್ಸಿ ಡಾಕ್ಟರಲ್ಲ. ಊರಲ್ಲಿ ಕಟ್ಟಡದ ಕೆಲಸ ಮಾಡಿಕೊಂಡಿದ್ದವರು, ಹೊರಡುವ ಮುಂಚೆ ಲಂಡನ್ನಿನ ಲಿವಿಂಗ್‌ಸ್ಟನ್ ಕಾಲೇಜಿನಲ್ಲಿ ಒಂದು ವರ್ಷ ಉಷ್ಣವಲಯದ ಕಾಯಿಲೆಗಳ ಬಗ್ಗೆ ಕಲಿತಿದ್ದರು, ಅಷ್ಟೇ. ಎವೆಲಿನ್ ನರ್ಸೂ ಅಲ್ಲ. ಲಂಡನ್ನಿನ ಅನುಕೂಲಸ್ಥರ ಮನೆಯ ಹುಡುಗಿ, ಚಿತ್ರಕಲೆ ಕಲಿತವಳು. ಇವತ್ತಿನ ಲೆಕ್ಕದಲ್ಲಿ ಇಬ್ಬರ ಮೇಲೂ ಕೇಸು ಹಾಕಬಹುದಿತ್ತು! ಆದರೆ ಆ ಬೆಟ್ಟದ ಮೇಲೆ ಇವರಿಬ್ಬರನ್ನು ಬಿಟ್ಟರೆ ಆಸ್ಪತ್ರೆಯ ಔಷಧಿ ಬಲ್ಲವರು ಇನ್ನೊಬ್ಬರಿರಲಿಲ್ಲ.

ಜೆಸ್ಸಿಯೇ ಕಟ್ಟಿದ ಮರದ ಮನೆ ಕಂಬಗಳ ಮೇಲೆ ನಿಂತಿತ್ತು. ಗೆದ್ದಲು ಹತ್ತದಂತೆ ಪ್ರತಿ ಕಂಬದ ತುದಿಗೆ ಲೋಹದ ತಟ್ಟೆ. ದಿನ ಶುರುವಾಗುತ್ತಿದ್ದದ್ದು ಆ ಮನೆಯ ಬಾಗಿಲಲ್ಲೇ. ಕೀವುಗಟ್ಟಿದ ಗಾಯ, ಜ್ವರ, ಹಲ್ಲುನೋವು, ಆಮಶಂಕೆ, ಎಲ್ಲ ಅಲ್ಲಿಗೇ ಬರುತ್ತಿತ್ತು. ಕ್ಲಿನಿಕ್ ಮುಗಿಸಿ ಮನೆಗೆ ಬರುವುದು ಎಂಬ ಮಾತೇ ಇಲ್ಲ.

ನಾರುಹುಣ್ಣು ಇವತ್ತಿನ ಹುಡುಗರಿಗೆ ಗೊತ್ತಿರಲಾರದು; ನಮ್ಮ ಉತ್ತರ ಕರ್ನಾಟಕದ ಅಜ್ಜ ಅಜ್ಜಿಯರಿಗೆ ಗೊತ್ತು. ಕುಡಿಯುವ ನೀರಿನಲ್ಲಿರುವ ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಸೈಕ್ಲಾಪ್ಸ್ ಜೀವಿಗಳ ಜೊತೆ ಹುಳುವಿನ ಮರಿ ಹೊಟ್ಟೆ ಸೇರುತ್ತದೆ. ಒಂದು ವರ್ಷದ ಹೊತ್ತಿಗೆ ಮೀಟರಿನಷ್ಟು ಉದ್ದದ ದಾರದಂಥ ಹುಳುವಾಗಿ, ಸಾಮಾನ್ಯವಾಗಿ ಕಾಲಿನಲ್ಲಿ, ಗುಳ್ಳೆ ಒಡೆದು ತಲೆ ಹಾಕುತ್ತದೆ. ಉರಿ ತಾಳಲಾರದೆ ಮನುಷ್ಯ ಮೆಟ್ಟಿಲು ಬಾವಿಗೆ ಇಳಿದು ಕಾಲು ನೆನೆಸುತ್ತಾನೆ. ಹುಳು ಅಲ್ಲೇ ಲಕ್ಷಗಟ್ಟಲೆ ಮರಿ ಬಿಡುತ್ತದೆ, ಅದೇ ನೀರನ್ನು ಊರು ಕುಡಿಯುತ್ತದೆ. ಇದಕ್ಕೆ ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸಣ್ಣ ಕಡ್ಡಿಗೆ ಹುಳುವಿನ ತುದಿ ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ಎಳೆಯಬೇಕು. ಅವಸರ ಮಾಡಿದರೆ ಹುಳು ತುಂಡಾಗಿ ಒಳಗೇ ಕೊಳೆತು ಕಾಲೇ ಹೋದೀತು. ಅಂದರೆ ಒಬ್ಬ ರೋಗಿಗೆ ವಾರಗಟ್ಟಲೆ, ದಿನಾ ಅದೇ ಕಡ್ಡಿ, ದಿನಾ ಅದೇ ಪಟ್ಟಿ. ಜೆಸ್ಸಿ ಇಂಥ ಹುಳುಗಳನ್ನು ಸುತ್ತಿ ತೆಗೆಯುತ್ತಿದ್ದರು, ಜೊತೆಗೇ ಬಾವಿಗೆ ಇಳಿಯಬೇಡಿ, ಸುತ್ತ ಕಟ್ಟೆ ಕಟ್ಟಿ ಅಂತ ಊರೂರಿಗೆ ಹೇಳುತ್ತಿದ್ದರು. ಭಾರತ ಈ ರೋಗದಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟದ್ದು 2000ದಲ್ಲಿ. ಕೊನೆಗೆ ಗೆದ್ದದ್ದೂ ಬಾವಿಯ ಕಟ್ಟೆ, ನೀರು ಸೋಸುವ ಬಟ್ಟೆ, ಬೋರ್‌ವೆಲ್ಲುಗಳೇ.

ಮಕ್ಕಳಿಬ್ಬರು, ಪಾಲ್ ಮತ್ತು ಕೋನಿ. ಪಾಲ್ ಹುಟ್ಟಿದ್ದು 1914ರಲ್ಲಿ. ಶಾಲೆ ಎಲ್ಲಿಂದ ಬರಬೇಕು? ತಾಯಿಯೇ ಮೇಷ್ಟ್ರು. ಹುಡುಗ ಒಂದು ಕಡೆ ಕೂರುವವನಲ್ಲ, ಹಲಸಿನ ಮರ ಹತ್ತಿಯೇ ಪಾಠ ಮಾಡಿಕೊಳ್ಳುತ್ತಿದ್ದ, ಬರೆದದ್ದನ್ನು ತಿದ್ದಲು ಕೆಳಗೆ ಕೂತ ತಾಯಿಗೆ ಇಳಿಬಿಡುತ್ತಿದ್ದ. ಆಕೆ ಅದಕ್ಕೆ ಒಪ್ಪಿದ್ದರು ಅನ್ನುವುದರಲ್ಲೇ ಆಕೆಯ ಸ್ವಭಾವ ಗೊತ್ತಾಗುತ್ತದೆ. ತಂದೆ ಸಿಕ್ಕ ಹೊತ್ತಿನಲ್ಲಿ ಗೆದ್ದಲು ಹುತ್ತ, ಇರುವೆ, ಹಕ್ಕಿಗೂಡು ತೋರಿಸುತ್ತಿದ್ದರು. ಕೇಳಲು ಚಂದ. ಆದರೆ ಅದೇ ಮಕ್ಕಳು ಜಗಲಿಯಲ್ಲಿ ಕೀವು ಒಸರುವುದನ್ನೂ ನೋಡಿ ಬೆಳೆದರು. ಒಮ್ಮೆ ಕುಷ್ಠರೋಗದ ಮೂವರು ಬೆಟ್ಟ ಹತ್ತಿ ಬಂದರಂತೆ. ತಂದೆ ಮಕ್ಕಳನ್ನು ಒಳಗೆ ಅಟ್ಟಿ, ಗ್ಲೌಸ್ ಹಾಕಿಕೊಂಡು ಅವರ ಕಾಲು ತೊಳೆದು ಪಟ್ಟಿ ಕಟ್ಟಿದರು. ತಾಯಿ ಒಂದು ಬುಟ್ಟಿಯಲ್ಲಿ ಆಹಾರ ತಂದು ಕೊಟ್ಟರು. ಅವರು ಹೋದ ಮೇಲೆ ಆ ಬುಟ್ಟಿಯನ್ನು ಸುಟ್ಟರು. ನನಗೆ ಈ ಸುಟ್ಟ ಬುಟ್ಟಿ ಮುಖ್ಯ ಅನ್ನಿಸುತ್ತದೆ. ಹೆದರಿಕೆ ಇಲ್ಲದ ಸಂತರ ಮನೆಯಲ್ಲ ಅದು. ಮಕ್ಕಳಿರುವ ಯಾರ ಮನೆಯಲ್ಲೂ ಇರುವ ಹೆದರಿಕೆ ಅಲ್ಲೂ ಇತ್ತು. ಹೆದರಿಕೊಂಡೇ ಕಾಲು ತೊಳೆದರು.

ಈಗ ಮತಾಂತರದ ಮಾತು. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ, ಅವರೂ ಮುಚ್ಚಿಟ್ಟಿರಲಿಲ್ಲ. ಕ್ರಿಸ್ತನ ವಿಷಯ ಹೇಳುವುದಕ್ಕೇ ಬಂದವರು ಅವರು. ಔಷಧಿ, ಶಾಲೆ, ರೇಷ್ಮೆ ಎಲ್ಲ ಅದರ ಜೊತೆಗೆ ಬಂದದ್ದು. ವರ್ಷಗಟ್ಟಲೆ ಒಬ್ಬರೂ ಅವರ ಕಡೆ ಬರಲಿಲ್ಲ. ಬಂದರೆ ಊರಿನವರ ಕೋಪಕ್ಕೆ ಗುರಿಯಾಗುತ್ತಾರೆ ಎಂಬ ಭಯ ಜನರಿಗಿತ್ತು, ಅಲ್ಲಿನ ಪೂಜಾರಿಗಳಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ಅದರಲ್ಲಿ ಪೂಜಾರಿಗಳದ್ದೇ ತಪ್ಪು ಅಂತಲೂ ನಾನು ಹೇಳಲಾರೆ. ಯಾರೋ ಬಂದು ನಿಮ್ಮ ದೇವರು ದೇವರಲ್ಲ ಅಂದರೆ ಯಾರು ಸುಮ್ಮನಿರುತ್ತಾರೆ? ಆಮೇಲೆ ಮೊದಲ ಮಹಾಯುದ್ಧದ ಕೊನೆಗೆ ಇನ್‌ಫ್ಲುಯೆನ್ಸ ಬೆಟ್ಟಕ್ಕೂ ಏರಿತು. ಕಾಯಿಲೆ ಬಿದ್ದವರ ಮನೆಗೆ ಹೋಗಲು ಜನ ಅಂಜುತ್ತಿದ್ದಾಗ ಜೆಸ್ಸಿ, ಎವೆಲಿನ್ ದೊಡ್ಡ ಪಾತ್ರೆಯಲ್ಲಿ ಅಕ್ಕಿ ಗಂಜಿ ಕಾಯಿಸಿ ಮನೆಮನೆಗೆ ಒಯ್ದು ಕುಡಿಸಿದರು. ಕಡು ವಿರೋಧಿಯಾಗಿದ್ದ ಪೂಜಾರಿಯೊಬ್ಬ ಸಾಯುವಾಗ ತನ್ನ ಮಕ್ಕಳನ್ನು ಇವರ ಕೈಗೇ ಒಪ್ಪಿಸಿದ. ಗಂಜಿ ಕುಡಿಸಿದ್ದು ಸೇವೆಯೋ, ಪ್ರಚಾರವೋ ಅಂತ ಕಾಮೆಂಟಿನಲ್ಲಿ ಜಗಳ ಆಡಬಹುದು. ಹಸಿದು ಮಲಗಿದ್ದವನಿಗೆ ಆಗ ಬೇಕಿದ್ದದ್ದು ಗಂಜಿ.

ನನಗೆ ನಿಜಕ್ಕೂ ಜೀರ್ಣವಾಗದ ಭಾಗ ಬೇರೆ ಇದೆ. 1923ರಲ್ಲಿ, ಒಂಬತ್ತು ವರ್ಷದ ಪಾಲ್ ಮತ್ತು ಅವನಿಗಿಂತ ಚಿಕ್ಕ ತಂಗಿಯನ್ನು ಓದಿಗೆಂದು ಇಂಗ್ಲೆಂಡಿನಲ್ಲಿ ಬಂಧುಗಳ ಮನೆಯಲ್ಲಿ ಬಿಟ್ಟು ತಂದೆ ತಾಯಿ ವಾಪಸು ಬಂದರು. ಆ ಕಾಲದಲ್ಲಿ ಮಿಷನರಿ ಮಕ್ಕಳ ಪಾಡೇ ಅದು, ಸಿವಿಲ್ ಸರ್ವಿಸಿನವರ ಮಕ್ಕಳದೂ ಅದೇ. ರೂಢಿ ಅಂದಮಾತ್ರಕ್ಕೆ ಸರಿಯಾಗಿಬಿಡುವುದಿಲ್ಲ. ಊರ ಮಕ್ಕಳಿಗೆಲ್ಲ ಅಪ್ಪ ಅಮ್ಮನಾದವರು ಸ್ವಂತ ಮಕ್ಕಳಿಗೆ ಕಾಗದವಾಗಿ ಉಳಿದರು. ವಾರವಾರ ಹಡಗಿನಲ್ಲಿ ಪತ್ರ ಬರುತ್ತಿತ್ತು. 1929ರ ಜೂನ್‌ನಲ್ಲಿ ಜೆಸ್ಸಿ ಬ್ಲ್ಯಾಕ್‌ವಾಟರ್ ಜ್ವರದಿಂದ, ಅಂದರೆ ಮೂತ್ರ ಕಪ್ಪಾಗುವ ಮಲೇರಿಯಾದ ವಿಕೋಪದಿಂದ, ತೀರಿಕೊಂಡರು. ತಂತಿ ಬೇಗ ತಲುಪಿತು. ಹಡಗು ನಿಧಾನ. ಅಪ್ಪ ಸತ್ತ ಸುದ್ದಿ ಬಂದ ಮೇಲೂ ಹುಡುಗನಿಗೆ ಅಪ್ಪನ ಪತ್ರಗಳು ಬರುತ್ತಲೇ ಇದ್ದವು, ಮರ ಗಿಡ ಬೆಟ್ಟದ ವರ್ಣನೆ ತುಂಬಿಕೊಂಡು. ಆರು ವರ್ಷ ಅಪ್ಪನನ್ನು ನೋಡದ ಹುಡುಗ ಅವುಗಳನ್ನು ಹೇಗೆ ಓದಿರಬಹುದು? ಯಾವ ಸೇವೆಯ ಹೆಸರಿನಲ್ಲೂ ನಾನು ಇದನ್ನು ಹೊಗಳಲಾರೆ. ‘ತ್ಯಾಗ’ ಅನ್ನುವವರು ಯಾರ ತ್ಯಾಗ ಅಂತಲೂ ಹೇಳಬೇಕು. ಮಕ್ಕಳನ್ನು ಯಾರೂ ಕೇಳಿರಲಿಲ್ಲ.

ಎವೆಲಿನ್‌ಗೆ ಆಗ ಐವತ್ತು. ಇಂಗ್ಲೆಂಡಿಗೆ ಹೋಗಿ, ತಿರುಗಿ ಬಂದರು. ಮಿಷನ್ ಆಕೆಯನ್ನು ಬಯಲಿಗೆ ಹಾಕಿತು, ನಿವೃತ್ತಿ ವಯಸ್ಸು ಮೀರಿದ ಮೇಲೆ ಸಾಕು ಅಂದಿತು. ಆಕೆ ಮಿಷನ್ನಿಗೆ ರಾಜೀನಾಮೆ ಕೊಟ್ಟು ತಾನೇ ಬೆಟ್ಟ ಹತ್ತಿದರು. ಕೊಲ್ಲಿಮಲೈ ಒಂದೇ ಅಲ್ಲ, ಗಂಡ ತಲುಪಬೇಕೆಂದಿದ್ದ ಸುತ್ತಲಿನ ಬೆಟ್ಟಸಾಲುಗಳಿಗೂ. ಎಪ್ಪತ್ತು ದಾಟಿದ ಮುದುಕಿ ಕುದುರೆ ಮೇಲೆ ಊರೂರು ಅಲೆದು, ಬಿದ್ದು ಮೂಳೆ ಮುರಿದುಕೊಂಡು, ಆಮೇಲೆ ಎರಡು ಬಿದಿರು ಕೋಲು ಊರಿಕೊಂಡು ನಡೆದರು. ಅದೇ ನಾರುಹುಣ್ಣು, ಅದೇ ಮಲೇರಿಯಾ, ಅದೇ ಬಾವಿ ಕಟ್ಟೆಯ ಪಾಠ. ಕೊನೆಯ ಇಪ್ಪತ್ತು ವರ್ಷ ಮನೆಯಲ್ಲಿ ಕನ್ನಡಿಯನ್ನೇ ಇಟ್ಟಿರಲಿಲ್ಲವಂತೆ, ಚಿತ್ರ ಬರೆಯುವ ಹುಡುಗಿಯಾಗಿದ್ದವಳು. 1974ರಲ್ಲಿ ತೀರಿಕೊಂಡಾಗ ತೊಂಬತ್ತೈದು. ಜೆಸ್ಸಿ ಬೆಟ್ಟದಲ್ಲಿ ಇದ್ದದ್ದು ಹದಿನೈದು ಹದಿನಾರು ವರ್ಷ, ಆಕೆ ಅದಕ್ಕಿಂತ ಎಷ್ಟೋ ಹೆಚ್ಚು. ಆದರೂ ‘ಜೆಸ್ಸಿ ಬ್ರ್ಯಾಂಡ್ ಮತ್ತು ಪತ್ನಿ’ ಅಂತಲೇ ಶುರುವಾಗುತ್ತವೆ ವಾಕ್ಯಗಳು. ನಾನೂ ಮೇಲೆ ಹಾಗೇ ಶುರುಮಾಡಿದೆ, ನೋಡಿ.

ಮಗನ ಕಥೆ ಹಲವರಿಗೆ ಗೊತ್ತಿರಬಹುದು. ಕೀವು ನೋಡಿ ಬೆಳೆದ ಪಾಲ್‌ಗೆ ವೈದ್ಯಕೀಯ ಅಂದರೆ ಅಸಹ್ಯ. ಅಪ್ಪನ ಹಾಗೆ ಕಟ್ಟಡದ ಕೆಲಸವನ್ನೇ, ಬಡಗಿತನ ಗಾರೆಕೆಲಸ ಸಮೇತ, ನಾಲ್ಕು ವರ್ಷ ಕಲಿತ. ಆಮೇಲೆ ಮನಸ್ಸು ಬದಲಾಗಿ ಸರ್ಜನ್ ಆಗಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ. ಕುಷ್ಠರೋಗಿಗಳ ಬೆರಳು ತಾನಾಗಿ ಉದುರುವುದಲ್ಲ, ನೋವು ತಿಳಿಯದ್ದರಿಂದ ದಿನನಿತ್ಯದ ಗಾಯಗಳಲ್ಲೇ ಸವೆದು ಹೋಗುತ್ತವೆ ಅಂತ ತೋರಿಸಿಕೊಟ್ಟವರಲ್ಲಿ ಆತ ಪ್ರಮುಖ. ರಾತ್ರಿ ಮಲಗಿದಾಗ ಇಲಿ ಬೆರಳು ಕಚ್ಚಿದರೂ ರೋಗಿಗೆ ಎಚ್ಚರವಾಗುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರು. ಬಡಗಿತನ ಕಲಿತ ಕೈ ಮುದುಡಿದ ಬೆರಳಿನ ಸ್ನಾಯುರಜ್ಜು ಬದಲಿಸಲು ಉಪಯೋಗಕ್ಕೆ ಬಂತು.

ಇಲ್ಲೂ ಕಣ್ಣಿಗೆ ಬೀಳುವವನು ಗಂಡಸೇ. ಹೆಂಡತಿ ಮಾರ್ಗರೆಟ್ ಸ್ವತಃ ಡಾಕ್ಟರ್. ಮಕ್ಕಳನ್ನು ಕಟ್ಟಿಕೊಂಡು 1947ರಲ್ಲಿ ಬಂದಾಗ ಕಣ್ಣಿನ ವಿಭಾಗಕ್ಕೆ ಜನ ಬೇಕು ಅಂದರಂತೆ. ನನಗೆ ಕಣ್ಣಿನ ಬಗ್ಗೆ ಗೊತ್ತಿಲ್ಲ ಅಂದರೆ, ಕಲಿಯುತ್ತೀರಿ ಬಿಡಿ ಅನ್ನುವ ಉತ್ತರ. ಕಲಿತರು. ಕುಷ್ಠದಲ್ಲಿ ಕಣ್ಣು ಹೋಗುವುದಕ್ಕೆ ಒಂದು ಮುಖ್ಯ ಕಾರಣ ರೆಪ್ಪೆ ಮಿಟುಕಿಸುವ ಸ್ನಾಯು ಸೋಲುವುದು, ಮಿಟುಕಿಸಬೇಕೆಂಬ ಸಂವೇದನೆ ಹೋಗುವುದು. ಇದಕ್ಕೆ ಅಗಿಯುವ ಸ್ನಾಯುವಿನ ಒಂದು ಪಟ್ಟಿಯನ್ನು ರೆಪ್ಪೆಗೆ ತಂದು ಜೋಡಿಸುವ ಶಸ್ತ್ರಚಿಕಿತ್ಸೆಯಿದೆ. ಆಮೇಲೆ ರೋಗಿ ಬಾಯಾಡಿಸಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತದೆ. ಕುಷ್ಠರೋಗಿಗಳ ಕಣ್ಣು ಉಳಿಸುವುದರಲ್ಲಿ ಮಾರ್ಗರೆಟ್ ದೊಡ್ಡ ಹೆಸರು. ಇದರ ಮಧ್ಯೆ ಆರು ಮಕ್ಕಳನ್ನು ಹೆತ್ತು ಸಾಕಿದರು. ಗಂಡ ಬೆರಳು ನೋಡಿದರೆ ಹೆಂಡತಿ ಕಣ್ಣು ನೋಡಿದಳು, ಅನ್ನುವಷ್ಟಕ್ಕೆ ಜನ ಮುಗಿಸಿಬಿಡುತ್ತಾರೆ. ಆ ಮನೆಯಲ್ಲಿ ಅಡುಗೆ ಯಾರು ಮಾಡಿದರು, ಮಗು ಜ್ವರದಲ್ಲಿ ಮಲಗಿದಾಗ ಯಾರ ಆಪರೇಷನ್ ಮುಂದಕ್ಕೆ ಹೋಯಿತು ಎಂಬುದು ಯಾವ ಸಂಸ್ಥೆಯ ವರದಿಯಲ್ಲೂ ಬರುವ ವಿಷಯವಲ್ಲ.

ಇನ್ನೂ ಕೆಳಗಿನ ಮೆಟ್ಟಿಲಲ್ಲಿ ನಮ್ಮವರೇ ಇದ್ದಾರೆ. ಆ ಕಾಲುದಾರಿಯಲ್ಲಿ ಸಾಮಾನು ಹೊತ್ತವರು, ಮಕ್ಕಳನ್ನು ಎತ್ತಿ ಆಡಿಸಿದ ಆಯಾಗಳು, ಔಷಧಿ ಬೆರೆಸಿದ ಕಂಪೌಂಡರುಗಳು, ಭಾಷೆ ಬಾರದ ದೊರೆಸಾನಿಗೆ ರೋಗಿಯ ಮಾತು ತಿಳಿಸಿ ಹೇಳಿದವರು. ಯಾರದೋ ಕಾಲಿನಿಂದ ಹೊರಬರುವ ಹುಳುವನ್ನು ಕಡ್ಡಿಗೆ ಸುತ್ತಲು ಇವರೂ ಕೂತಿರುತ್ತಾರೆ, ಹೆಸರು ಮಾತ್ರ ಎಲ್ಲೂ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಬೆಟಗೇರಿ, ಮೈಸೂರು, ಕೋಲಾರ, ಚಿಕ್ಕಬಳ್ಳಾಪುರ, ಎಲ್ಲಿಯದ್ದೇ ಆಗಲಿ, ನಿಮ್ಮ ಅಜ್ಜಿ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದರೆ, ತಾತ ಕಂಪೌಂಡರ್ ಆಗಿದ್ದರೆ, ಅವರು ಹೇಳಿದ್ದನ್ನು ಬರೆಯಿರಿ. ಡಾಕ್ಟರ ಬಗ್ಗೆ ಬೇಡ, ಅವರ ಗುಣಗಾನ ಬೇಕಾದಷ್ಟಾಗಿದೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋಗುತ್ತಿದ್ದರು, ಸಂಬಳ ಎಷ್ಟಿತ್ತು, ಡಾಕ್ಟರಮ್ಮನ ಮಕ್ಕಳು ಕನ್ನಡ ಮಾತಾಡುತ್ತಿದ್ದರಾ, ಮನೆಯೊಳಗೆ ಇವರನ್ನು ಎಲ್ಲಿ ಕೂರಿಸುತ್ತಿದ್ದರು? ಈ ಕೊನೆಯ ಪ್ರಶ್ನೆಯ ಉತ್ತರ ಎಲ್ಲ ಕಡೆ ಚಂದ ಇರಲಾರದು ಅಂತ ನನಗೂ ಅನುಮಾನ ಇದೆ. ಅದನ್ನೂ ಬರೆಯಿರಿ.