ಮಗುವಿಗೊಂದು ಫೋನ್ ಬೇಡ, ತರಗತಿಗೊಂದು ಪೆಟ್ಟಿಗೆ ಸಾಕು

ನಾನಿರುವ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2020ರಿಂದ ಒಂದು ನಿಯಮವಿದೆ: ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ಮಕ್ಕಳ ಫೋನ್ ಎತ್ತಿಟ್ಟಿರಬೇಕು. ಅದೇ ಶಾಲೆಗಳಲ್ಲಿ ಎಷ್ಟೋ ಕಡೆ ಏಳನೇ ತರಗತಿಯವರು ಮನೆಯಿಂದಲೇ ಲ್ಯಾಪ್‌ಟಾಪ್ ತರುತ್ತಾರೆ. ರಾಯಚೂರು ಕಡೆಯ ನಮ್ಮ ಊರಲ್ಲಿ ಎರಡನೆಯದನ್ನಷ್ಟೇ ಕೇಳಿ ‘ನಮ್ಮ ಮಕ್ಕಳೂ ಮೊಬೈಲ್ ತರಲಿ’ ಎನ್ನುವವರಿದ್ದಾರೆ. ನಾನಾದರೆ ಮೊದಲನೆಯದನ್ನು ತಗೊಂಡು ಎರಡನೆಯದನ್ನು ಬಿಡುತ್ತೇನೆ.

ಮಾನ್ವಿ, ಕುಷ್ಟಗಿ, ಸಿರುಗುಪ್ಪದ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಇರುವುದೊಂದೇ ಸ್ಮಾರ್ಟ್‌ಫೋನ್, ಅದೂ ಅಪ್ಪನದೋ ಅಣ್ಣನದೋ. ಹತ್ತಿ ಬಿಡಿಸುವ ಕಾಲಕ್ಕೆ ಅದು ಹೊಲದಲ್ಲಿರುತ್ತದೆ. ‘ತನ್ನಿ’ ಎಂದ ದಿನವೇ ತರಗತಿ ತಂದವರು, ತಾರದವರು ಎಂದು ಎರಡಾಗುತ್ತದೆ. ಮೇಷ್ಟ್ರು ತಮ್ಮ ಫೋನಿನಿಂದ ಇಂಟರ್‌ನೆಟ್ ಹಂಚುವ ಹಾಟ್‌ಸ್ಪಾಟ್ ಕೂಡ ಸಾಮಾನ್ಯವಾಗಿ ಎಂಟ್ಹತ್ತು ಫೋನಿಗೇ ಸುಸ್ತು.

ಬದಲಿಗೆ ಹಿರಿಯ ಪ್ರಾಥಮಿಕ ಶಾಲೆಯ 40 ಮಕ್ಕಳಿಗೆ ಬೀಗದ ಒಂದು ಪೆಟ್ಟಿಗೆಯಲ್ಲಿ 10 ಟ್ಯಾಬ್ ಇರಲಿ, ನಾಲ್ವರಿಗೆ ಒಂದು. ಒಬ್ಬರು ಒತ್ತಬೇಕು, ಒಬ್ಬರು ಓದಬೇಕು, ಇಬ್ಬರು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯಬೇಕು. ಹತ್ತು ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು. ಹಾಗೆ ಬದಲಿಸದಿದ್ದರೆ ಜೋರಿರುವ ಹುಡುಗನೇ ಪೂರ್ತಿ ಹೊತ್ತು ಹಿಡಿದುಕೊಳ್ಳುತ್ತಾನೆ. ಇಂಟರ್‌ನೆಟ್ ತರಗತಿಯಲ್ಲಿ ಬೇಕಿಲ್ಲ. ಶಾಲಾ ಪಾಠಗಳ ಸರ್ಕಾರಿ ಆ್ಯಪ್ ದೀಕ್ಷಾದ ಪಾಠಗಳನ್ನು ಸಿಗ್ನಲ್ ಇರುವಲ್ಲಿ ಮೊದಲೇ ಇಳಿಸಿಕೊಳ್ಳಬಹುದು. ಗಣಿತದ ಆ್ಯಪ್ ಜಿಯೋಜೀಬ್ರಾ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಭಿನ್ನರಾಶಿಗೆ, ವಿದ್ಯುತ್ ಮಂಡಲಕ್ಕೆ ಫೆಟ್ (PhET) ಎಂಬ ತಾಣದ ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗಗಳು, ಒಳ್ಳೆಯವು.

ಚಾರ್ಜಿಂಗ್ ಲೆಕ್ಕ ಸರಳ. ಟ್ಯಾಬೊಂದಕ್ಕೆ 10 ವ್ಯಾಟ್‌ನಂತೆ 3 ತಾಸು, ಹತ್ತಕ್ಕೂ ಸೇರಿ 300 ವ್ಯಾಟ್-ಅವರ್. 12 ವೋಲ್ಟ್‌ನ 100 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯಲ್ಲಿ 1,200 ವ್ಯಾಟ್-ಅವರ್ ಇರುತ್ತದೆ, ಅದರ ಅರ್ಧವೂ ಖರ್ಚಾಗುವುದಿಲ್ಲ. ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂ ಕರೆಂಟ್ ತೆಗೆದರೂ ಮರುದಿನದ ಪಾಠ ನಿಲ್ಲುವುದಿಲ್ಲ. ಯಾವ ಕಡೆಯಿಂದ ಹಾಕಿದರೂ ಕೂರುವ ಟೈಪ್-ಸಿ ಪಿನ್ನಿನ ಟ್ಯಾಬನ್ನೇ ಕೊಳ್ಳಿ. ಹಳೆಯ ಮೈಕ್ರೋ ಪಿನ್ನನ್ನು ಮಕ್ಕಳು ತಿರುವುಮುರುವಾಗಿ ತುರುಕಿ ಮುರಿಯುತ್ತಾರೆ.

ನಮ್ಮ ಕಡೆ ನಿಜವಾದ ಶತ್ರು ಬಿಸಿಲು. ಲಿಥಿಯಂ ಬ್ಯಾಟರಿ 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಆದರೆ ಬೇಗ ಹಾಳಾಗುತ್ತದೆ, ಉಬ್ಬುವುದೂ ಉಂಟು. ರಾಯಚೂರಿನ ಏಪ್ರಿಲ್‌ನಲ್ಲಿ ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಟ್ಟು ಚಾರ್ಜ್ ಮಾಡಿದರೆ ಆ ಮಟ್ಟ ಮುಟ್ಟಲು ಹೊತ್ತು ಹಿಡಿಯುವುದಿಲ್ಲ. ಬೆಳಗಿನ ತಂಪಿನಲ್ಲಿ, ಮುಚ್ಚಳ ತೆರೆದು, ಒಂದರ ಮೇಲೊಂದು ಪೇರಿಸದೆ ಚಾರ್ಜಿಗೆ ಹಚ್ಚಬೇಕು. ಬೇಸಿಗೆ ರಜೆಗೆ ಮುಂಚೆ ಅರ್ಧ ಚಾರ್ಜ್ ಮಾಡಿ ಸ್ವಿಚ್ ಆಫ್ ಮಾಡಿಡಿ. ಪೂರ್ತಿ ಖಾಲಿಯಾಗಿ ಎರಡು ತಿಂಗಳು ಬಿದ್ದಿದ್ದು ಜೂನ್‌ನಲ್ಲಿ ಏಳದೇ ಹೋಗಬಹುದು.

ಇನ್ನೊಂದು ತೊಡಕು ನಮ್ಮದೇ ತಯಾರಿಕೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆ ಟ್ಯಾಬ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಯಾವ ಸಾಧನದಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ಹಂಚಬೇಕು. ಅವಸರವಿದ್ದರೆ ಪಿಡಿಎಫ್ ಮಾಡಿದರೂ ನಡೆದೀತು.

ಪೆಟ್ಟಿಗೆಗೆ ಕೀಲಿಕೈ ಎರಡಿರಲಿ: ಒಂದು ಮುಖ್ಯಗುರುಗಳ ಹತ್ತಿರ, ಒಂದು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಹತ್ತಿರ. ಟ್ಯಾಬ್‌ಗಳ ಪಾಸ್‌ವರ್ಡನ್ನು ಬರೆದು, ಲಕೋಟೆಗೆ ಹಾಕಿ ಅಂಟಿಸಿ, ದಾಸ್ತಾನು ರಿಜಿಸ್ಟರ್ ಜೊತೆ ಬೀರುವಿನಲ್ಲಿಡಿ. ಇಲ್ಲದಿದ್ದರೆ ಕಂಪ್ಯೂಟರ್ ಬಲ್ಲ ಒಬ್ಬ ಮೇಷ್ಟ್ರಿಗೆ ವರ್ಗವಾದ ದಿನ ಹತ್ತೂ ಟ್ಯಾಬ್‌ಗಳು ಮೂಲೆ ಸೇರುತ್ತವೆ.