ಓಡಿಸುವವಳು ಅಕ್ಕ, ಬೋನಸ್ ಭಾವನಿಗೆ

ಹೋದ ಸಲ ರಜಕ್ಕೆ ಬಂದಾಗ ದಾವಣಗೆರೆಯಲ್ಲಿ ಅಕ್ಕನ ಮನೆಗೆ ಹೊಸ ಕಾರು ಬರುವುದಿತ್ತು. ಶೋರೂಮಿಗೆ ನಾನೂ ಹೋಗಿದ್ದೆ. ನಿಂಬೆಹಣ್ಣು, ತೆಂಗಿನಕಾಯಿ, ಹೂವಿನ ಹಾರ ಎಲ್ಲ ಚೀಲದಲ್ಲಿ ರೆಡಿ ಇತ್ತು. ಇನ್ಶೂರೆನ್ಸ್ ಕಾಗದ ತಂದ ಹುಡುಗ ನೇರವಾಗಿ ಭಾವನ ಹತ್ತಿರ ಹೋಗಿ ಕೈ ಕುಲುಕಿದ. "ಸರ್, ನೀವು ಬಹಳ ಒಳ್ಳೆ ಡ್ರೈವರ್. ಹಳೇ ಗಾಡಿಗೆ ಒಂದೂ ಕ್ಲೇಮ್ ಇಲ್ಲ. ಪೂರ್ತಿ ಐವತ್ತು ಪರ್ಸೆಂಟ್ ಎನ್‌ಸಿಬಿ ಬಂದಿದೆ." ಅಂದರೆ ನೋ ಕ್ಲೇಮ್ ಬೋನಸ್, ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ.

ಭಾವನಿಗೆ ಕಾರು ಓಡಿಸಲು ಬರುವುದಿಲ್ಲ. ಸ್ಕೂಟರ್ ಅಷ್ಟೇ.

ಹಳೇ ಕಾರನ್ನು ದಿನಾ ಹರಿಹರದ ಶಾಲೆಗೆ ಓಡಿಸಿಕೊಂಡು ಹೋಗಿ ಬಂದವಳು ಅಕ್ಕ. ಹೈವೇಯಲ್ಲಿ ಎದುರಿನಿಂದ ರಾಂಗ್ ಸೈಡಲ್ಲಿ ಬರುವ ಟ್ರಾಕ್ಟರ್ ತಪ್ಪಿಸಿದವಳೂ ಅವಳೇ, ಹಬ್ಬಕ್ಕೆ ಎಲ್ಲರನ್ನೂ ತುಂಬಿಕೊಂಡು ಊರೂರು ಸುತ್ತಿದವಳೂ ಅವಳೇ. ಭಾವ ನಕ್ಕು "ಥ್ಯಾಂಕ್ಸ್ ಕಣಪ್ಪಾ" ಅಂದರು. ಅಕ್ಕನೂ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ.

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ ಇನ್ಶೂರೆನ್ಸ್ ಕಂಪನಿಗೆ ಕಾರಿಗಿಂತ ಓಡಿಸುವವರ ಮೇಲೆ ಜಾಸ್ತಿ ಕುತೂಹಲ. ವಯಸ್ಸು ಎಷ್ಟು, ಲೈಸೆನ್ಸ್ ಬಂದು ಎಷ್ಟು ವರ್ಷ, ಏನು ಕೆಲಸ, ವರ್ಷಕ್ಕೆ ಎಷ್ಟು ಮೈಲಿ, ರಾತ್ರಿ ಕಾರು ಎಲ್ಲಿ ನಿಲ್ಲಿಸ್ತೀರಿ, ಎಲ್ಲ ಬೇಕು. ಮದುವೆಗೆ ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ಇಷ್ಟೆಲ್ಲ ಪ್ರಶ್ನೆಗಳ ನಡುವೆ ಒಂದು ಮುಖ್ಯ ಪ್ರಶ್ನೆ ಇರುತ್ತದೆ. ಈ ಕಾರನ್ನು ಹೆಚ್ಚಾಗಿ ಓಡಿಸುವವರು ಯಾರು? ಇದಕ್ಕೆ ಸುಳ್ಳು ಹೇಳುವ ಹಾಗಿಲ್ಲ. ಮಗ ಓಡಿಸುವ ಕಾರಿಗೆ ಅಪ್ಪನ ಹೆಸರು ಬರೆಸಿದರೆ ಅದು ಮೋಸ ಅಂತಲೇ ಲೆಕ್ಕ. ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು.

ನಮ್ಮೂರಲ್ಲಿ ಈ ಪ್ರಶ್ನೆಯೇ ಇಲ್ಲ. ಥರ್ಡ್ ಪಾರ್ಟಿ ಪ್ರೀಮಿಯಂ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಕಟ್ಟುವುದು, ಎಂಜಿನ್ ಸಿಸಿ ನೋಡಿ ಬರುತ್ತದೆ. 2022ರ ದರದ ಪ್ರಕಾರ ಸಾವಿರ ಸಿಸಿ ಒಳಗಿನ ಕಾರಿಗೆ 2,094 ರೂಪಾಯಿ, ಅಲ್ಲಿಂದ 1,500 ಸಿಸಿವರೆಗೆ 3,416 ರೂಪಾಯಿ. ಓಡಿಸುವವರು ಮೊನ್ನೆ ಲೈಸೆನ್ಸ್ ತಗೊಂಡ ಹುಡುಗನೋ, ಇಪ್ಪತ್ತು ವರ್ಷದಿಂದ ಒಂದು ಗೀರೂ ಮಾಡದ ಟೀಚರೋ, ದುಡ್ಡು ಅಷ್ಟೇ. ನಮ್ಮ ಕಾರಿಗೇ ಆಗುವ ಡ್ಯಾಮೇಜಿನ ಭಾಗಕ್ಕೆ ಕಾರಿನ ಬೆಲೆ ಮತ್ತು ವಯಸ್ಸು ನೋಡ್ತಾರೆ. ಜೋಪಾನವಾಗಿ ಓಡಿಸಿದ್ದಕ್ಕೆ ಸಾಮಾನ್ಯವಾಗಿ ಸಿಗುವ ಬಹುಮಾನ ಅಂದರೆ ಆ ಎನ್‌ಸಿಬಿ ಒಂದೇ. ಮೊದಲ ವರ್ಷ ಕ್ಲೇಮ್ ಇಲ್ಲದಿದ್ದರೆ 20 ಪರ್ಸೆಂಟ್, ಏರುತ್ತಾ ಏರುತ್ತಾ ಐದು ವರ್ಷಕ್ಕೆ 50. ಅದೂ ಡ್ಯಾಮೇಜ್ ಭಾಗದ ಪ್ರೀಮಿಯಂ ಮೇಲೆ ಮಾತ್ರ. ಈ ಬೋನಸ್ ಕಾರಿನದ್ದಲ್ಲ, ಪಾಲಿಸಿ ಯಾರ ಹೆಸರಲ್ಲಿದೆಯೋ ಅವರದ್ದು. ಕಾರು ಮಾರಿದರೂ ಸರ್ಟಿಫಿಕೇಟ್ ತಗೊಂಡು ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಿಕೊಳ್ಳಬಹುದು. ಆದರೆ ಗಂಡನಿಂದ ಹೆಂಡತಿಗೆ ಸುಮ್ನೆ ದಾಟಿಸಲು ಬರುವುದಿಲ್ಲ.

ಅಕ್ಕನಿಗೆ ಶೋರೂಮಿನಲ್ಲೇ ಹೇಳಿದೆ, "ಈ ಕಾರನ್ನಾದ್ರೂ ನಿನ್ನ ಹೆಸರಲ್ಲಿ ಮಾಡಿಸ್ಕೊಳ್ಳೇ." ಆ ಹುಡುಗ ತಕ್ಷಣ ಅಡ್ಡ ಬಂದ. "ಮೇಡಂ ಹೆಸರಲ್ಲಿ ಮಾಡಿದ್ರೆ ಎನ್‌ಸಿಬಿ ಹೋಗುತ್ತೆ ಮೇಡಂ, ಸುಮ್ನೆ ಲಾಸ್." ಅವನು ಹೇಳಿದ್ದು ಸರಿಯೇ. ಇವಳು ಜೋಪಾನ ಮಾಡಿ ಗಳಿಸಿದ್ದನ್ನು ಉಳಿಸಿಕೊಳ್ಳಬೇಕು ಅಂದರೆ ಇವಳ ಹೆಸರು ಬರಬಾರದು!

ಇನ್ನೊಂದು ಸಂಗತಿ ಆಮೇಲೆ ಕಾಗದ ಓದುವಾಗ ಕಣ್ಣಿಗೆ ಬಿತ್ತು. ಮಾಲೀಕ-ಚಾಲಕನಿಗೆ ಅಂತ 15 ಲಕ್ಷದ ಅಪಘಾತ ವಿಮೆಗೆ ದುಡ್ಡು ಹಿಡಿದಿದ್ದರು. ಅದು ಸಿಗುವುದು ಕಾರಿನ ಲೈಸೆನ್ಸ್ ಇರುವ ಮಾಲೀಕನಿಗೆ. ಭಾವನಿಗೆ ಆ ಲೈಸೆನ್ಸ್ ಇಲ್ಲ. ಅಕ್ಕನಿಗೆ ಲೈಸೆನ್ಸ್ ಇದೆ, ಮಾಲೀಕತನ ಇಲ್ಲ. ಹಾಗಾದರೆ ಆ ದುಡ್ಡು ಯಾರಿಗೆ ಕಟ್ಟಿದ್ದು? ಕೇಳಿದರೆ "ಎಲ್ಲರಿಗೂ ಹಾಕ್ತೀವಿ ಮೇಡಂ" ಅಂದರು. ನಿಮ್ಮ ಮನೆಯಲ್ಲೂ ಹೆಂಗಸರೇ ಕಾರು ಓಡಿಸುವುದಾದರೆ ಇವತ್ತೇ ಪಾಲಿಸಿ ತೆಗೆದು ನೋಡಿ. ಓಡಿಸುವವರ ಹೆಸರಲ್ಲಿ ಬೇರೆ ಅಪಘಾತ ವಿಮೆ ಮಾಡಿಸುವುದು ದೊಡ್ಡ ಖರ್ಚೇನೂ ಅಲ್ಲ.

ಹೆಂಗಸು ಸ್ಟೀರಿಂಗ್ ಹಿಡಿದರೆ ನಮ್ಮ ಕಡೆ ಸಿಗುವುದು ಪುಕ್ಕಟೆ ಬುದ್ಧಿಮಾತು. ನಿಧಾನ ಹೋಗಮ್ಮ. ಕತ್ತಲಾದ ಮೇಲೆ ಬೇಡ. ಒಬ್ಬಳೇ ಹೋಗಬೇಡ. ಇದರಲ್ಲಿ ಡ್ರೈವಿಂಗ್ ಬಗ್ಗೆ ಒಂದು ಮಾತಾದರೂ ಇದೆಯಾ? ಎಲ್ಲ ಮನೆಯಲ್ಲಿರು ಅನ್ನುವುದರ ಬೇರೆ ಬೇರೆ ರೂಪ ಅಷ್ಟೇ.

ಭಾರತದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ಇಂಗ್ಲೆಂಡಿನಲ್ಲಿ ಒಂದು ವರ್ಷ ಓಡಿಸಬಹುದು. ಆಮೇಲೆ ಥಿಯರಿ, ರೋಡ್ ಟೆಸ್ಟ್ ಎರಡೂ ಪಾಸಾಗಬೇಕು. ನನಗೆ ಕಲಿಸಿದ್ದು ಅರವತ್ತು ದಾಟಿದ ಒಬ್ಬ ಹೆಂಗಸು. ಹೆಂಗಸರು ಹೀಗೆ ಇರಬೇಕು ಅಂತ ಒಂದು ದಿನವೂ ಹೇಳಿದವರಲ್ಲ. ಹೇಳಿದ್ದೆಲ್ಲ ಕೆಲಸದ ಮಾತು. ಕಾರನ್ನು ರಿವರ್ಸ್ ಹಾಕಿ ನಿಲ್ಲಿಸು, ಹೊರಡುವಾಗ ನೇರ ಹೊರಡಬಹುದು. ಬ್ಯಾಗ್ ಪಕ್ಕದ ಸೀಟಲ್ಲಿ ಇಡಬೇಡ, ಡಿಕ್ಕಿಯಲ್ಲಿ ಹಾಕು. ಪೆಟ್ರೋಲ್ ಕಾಲು ಟ್ಯಾಂಕಿಗೆ ಇಳಿದರೆ ತುಂಬಿಸು, ಮೋಟರ್‌ವೇ ಪಕ್ಕದ ಬಂಕಿನಲ್ಲಿ ಮಾತ್ರ ಬೇಡ, ಅಲ್ಲಿ ಯಾವಾಗಲೂ ದುಬಾರಿ, ಸೂಪರ್‌ಮಾರ್ಕೆಟ್ ಬಂಕಿಗೆ ಹೋಗು. ಗುರುತಿಲ್ಲದ ಕಾರೊಂದು ಪೊಲೀಸ್ ಅಂತ ನೀಲಿ ದೀಪ ಹಾಕಿ ನಿಲ್ಲಿಸು ಅಂದರೆ, ಅನುಮಾನ ಬಂದರೆ, ಹಜಾರ್ಡ್ ಲೈಟ್ ಹಾಕಿ ನಿಧಾನವಾಗಿ ಜನ, ಬೆಳಕು ಇರುವ ಕಡೆ ಹೋಗಿ ಇಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ ಕೇಳು.

ಮೋಟರ್‌ವೇಯಲ್ಲಿ ಕಾರು ಕೆಟ್ಟರೆ ಏನು ಮಾಡಬೇಕು ಅನ್ನುವುದನ್ನಂತೂ ಗಿಣಿಪಾಠ ಮಾಡಿಸಿದರು. ಎಡಗಡೆ ಬಾಗಿಲಿಂದ ಇಳಿ, ಮಕ್ಕಳನ್ನೂ ಇಳಿಸು, ಕಬ್ಬಿಣದ ತಡೆಗೋಡೆ ದಾಟಿ ಆಚೆ ನಿಲ್ಲು. ಕಾರಿನೊಳಗೆ ಕೂರಬೇಡ. ಯಾರಾದರೂ ಬಂದು ಭಯ ಆದರೆ ಮಾತ್ರ ಮತ್ತೆ ಎಡಬಾಗಿಲಿಂದ ಒಳಗೆ ಹೋಗಿ ಲಾಕ್ ಮಾಡಿಕೋ. ನಮ್ಮ ಹೈವೇಯಲ್ಲಿ ನಾಲ್ಕು ಕಲ್ಲು, ಒಂದು ಹಸಿರು ಸೊಪ್ಪಿನ ಕೊಂಬೆ ಹಿಂದೆ ಇಟ್ಟು, ಎಸಿ ಹಾಕಿಕೊಂಡು ಒಳಗೇ ಕೂತಿರುತ್ತೇವೆ ಅಲ್ವಾ? ಹಿಂದಿನಿಂದ ಬರುವ ಲಾರಿಗೆ ಆ ಕೊಂಬೆ ಕಾಣದಿದ್ದರೆ ಮುಗೀತು. ರಾಷ್ಟ್ರೀಯ ಹೆದ್ದಾರಿಗೆ 1033 ಅನ್ನುವ ಸಹಾಯವಾಣಿ ಇದೆ. ಅಕ್ಕನ ಮನೆಯಲ್ಲಿ ಯಾರ ಫೋನಿನಲ್ಲೂ ಆ ನಂಬರ್ ಇರಲಿಲ್ಲ.

ಮತ್ತೆ ಸೀಟಿನ ಕಥೆ. ಹಳೇ ಕಾರಿನಲ್ಲಿ ಅಕ್ಕ ಬೆನ್ನ ಹಿಂದೆ ಒಂದು ದಿಂಬು ಇಟ್ಟುಕೊಂಡು, ಸ್ಟೀರಿಂಗಿಗೆ ಎದೆ ತಾಗುವ ಹಾಗೆ ಕೂರುತ್ತಿದ್ದಳು. ಕುಳ್ಳಗಿರುವ ನಮ್ಮ ಹೆಂಗಸರು ಬಹಳ ಜನ ಹಾಗೇ ಕೂರುವುದು. ಏರ್‌ಬ್ಯಾಗ್ ಸಿಡಿಯುವ ವೇಗಕ್ಕೆ ಅದು ಅಪಾಯ. ಎದೆಮೂಳೆಗೂ ಸ್ಟೀರಿಂಗ್ ನಡುಭಾಗಕ್ಕೂ 25 ಸೆಂಟಿಮೀಟರ್ ಆದರೂ ಇರಬೇಕು, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಹೊಸ ಕಾರಿನಲ್ಲಿ ಸೀಟು ಎತ್ತರಿಸುವ ಲಿವರ್ ಇತ್ತು. ಶೋರೂಮಿನವರು ಭಾವನಿಗೆ ಮ್ಯೂಸಿಕ್ ಸ್ಕ್ರೀನ್, ಸನ್‌ರೂಫ್ ಎಲ್ಲ ಅರ್ಧ ಗಂಟೆ ತೋರಿಸಿದರು. ಆ ಲಿವರ್ ಮಾತ್ರ ಯಾರೂ ತೋರಿಸಲಿಲ್ಲ. ಮನೆ ಮುಂದೆ ನಿಲ್ಲಿಸಿದ ಮೇಲೆ ನಾನೇ ದಿಂಬು ತೆಗೆದು, ಸೀಟು ಹಿಂದೆ ತಳ್ಳಿ, ಲಿವರನ್ನು ನಾಲ್ಕು ಸಲ ಎತ್ತಿದೆ. ಸ್ಟೀರಿಂಗನ್ನೂ ಸ್ವಲ್ಪ ಇಳಿಸಿದೆ. ಅಕ್ಕ ಮೇಲೆ ಬಂದಳು. "ಏ, ಬಾನೆಟ್ ಕಾಣ್ಸುತ್ತಲ್ಲೇ!" ಅಂದಳು. ಇಷ್ಟು ವರ್ಷ ಅಂದಾಜಿನ ಮೇಲೆ ಓಡಿಸಿದ್ದಾಳೆ ಪುಣ್ಯಾತ್ಗಿತ್ತಿ. ಹಾಗೇ ಓಡಿಸಿಯೂ ಒಂದು ಕ್ಲೇಮ್ ಇಲ್ಲ.

ಪೆಟ್ರೋಲ್ ಉಳಿಸುವ ಬಗ್ಗೆಯೂ ನಮ್ಮಲ್ಲಿ ಗಂಡಸರ ಒಂದು ಮಂತ್ರ ಇದೆ. ಇಳಿಜಾರಲ್ಲಿ ನ್ಯೂಟ್ರಲ್ ಹಾಕು. ಅಪ್ಪನೂ ಹೇಳುತ್ತಿದ್ದರು, ಪಕ್ಕದ ಮನೆಯವರೂ ಹೇಳುತ್ತಿದ್ದರು. ಕಾರ್ಬ್ಯುರೇಟರ್ ಕಾಲದ ಮಾತದು. ಈಗಿನ ಇಂಜೆಕ್ಷನ್ ಎಂಜಿನ್‌ನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ ಹಾಕಿದರೇ ಎಂಜಿನ್ ಉರಿಯುತ್ತಿರಲು ಪೆಟ್ರೋಲ್ ಬೇಕು. ಜೊತೆಗೆ ಎಂಜಿನ್ ಹಿಡಿತವೂ ಹೋಗಿ ಬ್ರೇಕ್ ಬಿಸಿಯಾಗುತ್ತದೆ. ಆಗುಂಬೆ ಘಾಟಿಯಲ್ಲಿ ಇದನ್ನು ಮಾಡುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಉಳಿತಾಯ ಬೇಕಿದ್ದರೆ ದೂರದಲ್ಲಿ ಸಿಗ್ನಲ್ ಕೆಂಪಾದಾಗಲೇ ಕಾಲು ತೆಗೆಯಬೇಕು. ಗಾಳಿ ತಿಂಗಳಿಗೊಮ್ಮೆ ಚೆಕ್ ಮಾಡಿಸಬೇಕು, ಟೈರ್ ತಣ್ಣಗಿರುವಾಗ.

ಇಲ್ಲಿ ಇಂಗ್ಲೆಂಡಿನಲ್ಲಿ ಎಲ್ಲ ಸರಿ ಇದೆ ಅಂತೇನೂ ಅಲ್ಲ. ಇದೇ ಊರಿನಲ್ಲಿ ನನ್ನ ಸ್ನೇಹಿತೆ ಒಬ್ಬಳು, ನಮ್ಮ ಕನ್ನಡದವಳೇ, ವರ್ಷಗಟ್ಟಲೆ ಗಂಡನ ಪಾಲಿಸಿಯಲ್ಲಿ ಎರಡನೇ ಚಾಲಕಿಯಾಗಿದ್ದಳು. ಗಂಡ ಕೆಲಸದ ಮೇಲೆ ಬೆಂಗಳೂರಿಗೆ ವಾಪಸ್ ಹೋದರು. ಇವಳು ಸ್ವಂತ ಪಾಲಿಸಿ ಕೇಳಿದಾಗ ನಿನ್ನ ಲೆಕ್ಕದಲ್ಲಿ ಬೋನಸ್ ಸೊನ್ನೆ ಅಂದರು. ಎರಡನೇ ಹೆಸರಿನವರಿಗೆ ಸಾಮಾನ್ಯವಾಗಿ ಬೋನಸ್ ಸೇರುವುದಿಲ್ಲ. ಹಾಗಾಗಿ ಇಲ್ಲಿಗೆ ಹೊಸದಾಗಿ ಬರುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು, ನೀವೇ ಜಾಸ್ತಿ ಓಡಿಸುವುದಾದರೆ ಪಾಲಿಸಿ ನಿಮ್ಮ ಹೆಸರಲ್ಲೇ ಇರಲಿ, ಗಂಡನನ್ನು ಎರಡನೆಯವರಾಗಿ ಸೇರಿಸಿ. ಎಷ್ಟೋ ಸಲ ಅದರಿಂದ ಪ್ರೀಮಿಯಂ ಇಳಿಯುತ್ತದೆ. ರಿನ್ಯೂವಲ್‌ಗೆ ಮೂರು ನಾಲ್ಕು ವಾರ ಮೊದಲೇ ಬೇರೆ ಕಡೆ ದರ ಕೇಳಿ, ಕೊನೇ ದಿನ ಕೇಳಿದರೆ ಜಾಸ್ತಿ ಹೇಳ್ತಾರೆ. ತಿಂಗಳ ಕಂತು ಬೇಡ, ಬಡ್ಡಿ ಬೀಳುತ್ತದೆ.

ಹೆಂಗಸರು ಅನ್ನುವ ಕಾರಣಕ್ಕೇ ಇಲ್ಲಿ ಮೊದಲು ಕಡಿಮೆ ಪ್ರೀಮಿಯಂ ಇತ್ತಂತೆ. ಐರೋಪ್ಯ ನ್ಯಾಯಾಲಯದ ತೀರ್ಪು ಬಂದು 2012ರ ಡಿಸೆಂಬರ್ 21ರಿಂದ ಅದು ನಿಂತಿತು. ಗಂಡು ಹೆಣ್ಣು ನೋಡಿ ದರ ಹಾಕುವಂತಿಲ್ಲ. ನನಗೆ ಅದರ ಬಗ್ಗೆ ಬೇಜಾರಿಲ್ಲ. ಹೆಣ್ಣು ಅಂತ ರಿಯಾಯಿತಿ ಬೇಡ, ನೆಟ್ಟಗೆ ಓಡಿಸಿದ್ದಕ್ಕೆ ಕೊಡಲಿ ಸಾಕು.

ನಮ್ಮ ಕಡೆಯೂ 2022ರಿಂದ ಓಡಿಸಿದಷ್ಟಕ್ಕೆ ದುಡ್ಡು, ಓಡಿಸುವ ರೀತಿಗೆ ದುಡ್ಡು ಅನ್ನುವ ಪಾಲಿಸಿಗಳಿಗೆ ಒಪ್ಪಿಗೆ ಸಿಕ್ಕಿದೆ. ಅಕ್ಕನಂಥವರಿಗೆ ಅದು ಹೇಳಿ ಮಾಡಿಸಿದ್ದು. ಇನ್ನು ಖರ್ಚಿನ ವಿಷಯಕ್ಕೆ ಬಂದರೆ ನಾನು ಬಾಯಿ ಮುಚ್ಚಿಕೊಳ್ಳಬೇಕು. ಹೊಸ ಲೈಸೆನ್ಸಿನವರಿಗೆ ಇಲ್ಲಿ ಮೊದಲ ವರ್ಷದ ಇನ್ಶೂರೆನ್ಸ್ ಸಾವಿರ ಪೌಂಡ್ ದಾಟುವುದು ಮಾಮೂಲಿ. ಆ ದುಡ್ಡಿನಲ್ಲಿ ಅಕ್ಕ ಎಷ್ಟೋ ವರ್ಷದ ಪ್ರೀಮಿಯಂ ಕಟ್ಟಬಹುದು.

ಕಾರು ಕೆಟ್ಟು ನಿಂತರೂ ಅಷ್ಟೇ. ಹರಿಹರದ ರಸ್ತೆಯಲ್ಲಿ ಅಕ್ಕನ ಟೈರ್ ಪಂಚರ್ ಆದಾಗ ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರು ತಾವಾಗಿಯೇ ನಿಂತು, ಜಾಕ್ ಹಾಕಿ ಸ್ಟೆಪ್ನಿ ಬದಲಿಸಿಕೊಟ್ಟರಂತೆ. ದುಡ್ಡು ಕೊಡಲು ಹೋದರೆ "ಬ್ಯಾಡ್ರೀ ಅಕ್ಕಾರ" ಅಂದು ಹೊರಟೇಬಿಟ್ಟರಂತೆ. ಇಲ್ಲಿ ಅದೇ ಪಂಚರಿಗೆ ನಾನು ಮಳೆಯಲ್ಲಿ ತಡೆಗೋಡೆಯಾಚೆ ನಿಂತು, ರಿಕವರಿ ಗಾಡಿಗೆ ಒಂದೂವರೆ ಗಂಟೆ ಕಾದೆ. ಯಾರೂ ನಿಲ್ಲಲಿಲ್ಲ, ನಿಲ್ಲುವ ಹಾಗೂ ಇಲ್ಲ. ಇಲ್ಲಿನ ಎಷ್ಟೋ ಹೊಸ ಕಾರುಗಳ ಹಾಗೆ ನನ್ನದರಲ್ಲೂ ಸ್ಟೆಪ್ನಿ ಇಲ್ಲ. ಡಿಕ್ಕಿಯಲ್ಲಿ ಇರುವುದು ಒಂದು ಬಾಟಲಿ ಅಂಟು, ಒಂದು ಪುಟ್ಟ ಪಂಪು.