ಆಷಾಢವಿಲ್ಲದ ಪ್ಲಾನು

ಹೊಸ ಮನೆ ಕಟ್ಟಿಸುವವರ ಮೊಬೈಲಿನಲ್ಲಿ ಈಗ ಅಂಗಳದ ಒಂದು ಚಿತ್ರ ಇದ್ದೇ ಇರುತ್ತದೆ. ಮನೆ ಮುಂದೆ ಹುಲ್ಲುಹಾಸು, ಗೇಟಿನಿಂದ ಮೆಟ್ಟಿಲವರೆಗೆ ಕನ್ನಡಿಯಂಥ ಗ್ರಾನೈಟು, ಮೂಲೆಯಲ್ಲೊಂದು ಕುಳ್ಳ ತಾಳೆ, ಮೇಲೆ ಮೋಡದ ಚೂರೂ ಇಲ್ಲದ ಆಕಾಶ. ಶಿರಸಿಗೂ ಅದೇ, ಕಾರವಾರಕ್ಕೂ ಅದೇ. ಹುಲ್ಲನ್ನು ಹೇಗೋ ಸಹಿಸಬಹುದು, ಆ ಆಕಾಶವನ್ನು ಸಹಿಸುವುದು ಕಷ್ಟ. 'ಇದಕ್ಕೆ ಸ್ವಲ್ಪ ಆಷಾಢ ಹಾಕಿ ತೋರಿಸಿ ಮಾರಾಯ್ರೇ' ಅಂದರೆ ಪ್ಲಾನು ಮಾಡಿದವರು ನಗುತ್ತಾರೆ.

1 ಗುಂಟೆ ಜಾಗದ ಮೇಲೆ 10 ಸೆಂ.ಮೀ. ಮಳೆ ಬಿದ್ದರೆ 10 ಸಾವಿರ ಲೀಟರ್ ನೀರು. ಜುಲೈಯಲ್ಲಿ ಒಂದೇ ದಿನ ಅಷ್ಟು ಸುರಿಯುವುದು ನಮ್ಮಲ್ಲಿ ಹೊಸತೇನಲ್ಲ. ಮಾಡಿನ ನೀರು ಬೇರೆ. ಹಾಗಾಗಿ ಕಾಗದದ ಮೇಲೆ ಮೊದಲ ಗೆರೆ ನೀರಿನದು: ಎಲ್ಲಿಂದ ಬರುತ್ತದೆ, ಯಾವ ಮೂಲೆಯಿಂದ ಹೊರಬೀಳುತ್ತದೆ. ಅಂಗಳ ಮನೆಯ ಪಂಚಾಂಗದಿಂದ, ಅಂದರೆ ಅಡಿಪಾಯದ ಕಟ್ಟೆಯಿಂದ, ಹೊರಮುಖವಾಗಿ 5 ಅಡಿಗೆ 1 ಇಂಚು ಇಳಿಯಲಿ. ಪೈಪಿನಲ್ಲಿ ನೀರು ತುಂಬಿಯೇ ಮಟ್ಟ ನೋಡಿ, ಕಣ್ಣಳತೆ ನಂಬಬೇಡಿ. ಹೊರಹೋಗುವ ನೀರಿಗೆ ಪೈಪು ಹೂಳುವ ಚೊಕ್ಕತನವೂ ಬೇಡ. ಹಲಸಿನೆಲೆ ನಾಲ್ಕು ಸೇರಿದರೆ ಅದು ಕಟ್ಟಿತು. ತೆರೆದ ಕಾಲುವೆಯಾದರೆ ಗುದ್ದಲಿಯಲ್ಲಿ ಎಳೆದುಹಾಕಬಹುದು.

ಇನ್ನು ಹಾವಸೆ, ಅಂದರೆ ಪಾಚಿ. ಯಾವ ಪ್ಲಾನಿನಲ್ಲೂ ಅದಕ್ಕೊಂದು ಬಣ್ಣವಿಲ್ಲ, ಆದರೆ ಮಳೆ ಹಿಡಿದು ಮೂರು ವಾರಕ್ಕೆ ಅಂಗಳದ ಯಜಮಾನ ಅದೇ. ಪಾಲಿಶ್ ಕಲ್ಲಿನ ಮೇಲೆ ಅದು ಕಾಣುವುದೂ ಇಲ್ಲ. ಹಾಲಿನ ಚೊಂಬು ಹಿಡಿದವರು ಕುಕ್ಕರಿಸಿದ ಮೇಲೆಯೇ ಗೊತ್ತಾಗುವುದು. ಕರಣೆಯಲ್ಲಿ ನುಣ್ಣಗೆ ತೀಡಿಸಿದ ಸಿಮೆಂಟಿನದೂ ಇದೇ ಗತಿ. ಗಾರೆ ಹಸಿಯಿದ್ದಾಗಲೇ ಕಸಬರಿಗೆಯಿಂದ ಅಡ್ಡಡ್ಡ ಗೀರಿಸಬೇಕು. ಹಾವಸೆಗೆ ಬೇಕಾದ್ದು ತೇವ ಮತ್ತು ನೆರಳು, ಎರಡನ್ನೂ ಬಾವಿಕಟ್ಟೆ, ಬಚ್ಚಲ ಹಿಂಬದಿಗಳು ಧಾರಾಳವಾಗಿ ಕೊಡುತ್ತವೆ. ಬ್ಲೀಚಿಂಗ್ ಪುಡಿ ಎರಚಿ ತಿಕ್ಕಿದರೆ ಸ್ವಲ್ಪ ದಿನ ದೂರ. ತೊಳೆದ ನೀರು ಮಲ್ಲಿಗೆ ಬುಡಕ್ಕೆ ಹೋದರೆ ಮಲ್ಲಿಗೆಯೂ ದೂರ. ಹಳಬರು ಓಡಾಡುವ ದಾರಿಗೆ ಅಡಿಕೆ ಮರ ಸೀಳಿದ ದಬ್ಬೆಯನ್ನೋ ಸೋಗೆಯನ್ನೋ ಹಾಸಿ, ಮಳೆ ಮುಗಿದ ಮೇಲೆ ಎತ್ತಿ ಬಚ್ಚಲೊಲೆಗೆ ಹಾಕುತ್ತಿದ್ದರು. ಈಗ ಅದು ಚಂದ ಕಾಣುವುದಿಲ್ಲವಂತೆ. ದುಬಾರಿ ರಬ್ಬರ್ ಮ್ಯಾಟು ತಂದು, ಅದರಡಿಗೆ ಇನ್ನಷ್ಟು ಹಾವಸೆ ಸಾಕುತ್ತಾರೆ. ಅಂದಹಾಗೆ ಹಾವಸೆಯ ಮೇಲಿನ ನಡಿಗೆಯೇ ಬೇರೆ: ಹಿಮ್ಮಡಿ ಊರಬಾರದು, ಬೆರಳೊತ್ತಿ ಗಿಡ್ಡ ಹೆಜ್ಜೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ಖಾಲಿ. ಇಲ್ಲಿಯ ಮಕ್ಕಳಿಗೆ ಕಲಿಸದೇ ಬರುತ್ತದೆ. ಬೆಂಗಳೂರಿನ ನೆಂಟರಿಗೆ ಒಂದು ಸಲ ಬಿದ್ದ ಮೇಲೆ ಬರುತ್ತದೆ.

ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕಿಸುವವರು ತುಂಬಿದ ಮಣ್ಣನ್ನು ಒಂದು ಮಳೆಗಾಲ ಕೂರಲು ಬಿಡಲಿ. 6 ಇಂಚಿಗೊಮ್ಮೆ ದಮ್ಮಸು ಮಾಡದಿದ್ದರೆ, ಕೆಳಗೆ ಜಲ್ಲಿಯಿಲ್ಲದೆ ಬರೀ ಮರಳು ಸುರಿದರೆ, ಚೌತಿ ಹಬ್ಬದ ಹೊತ್ತಿಗೆ ಕಾರಿನ ಚಕ್ರದ ಜಾಡಿನಲ್ಲಿ ಎರಡು ಉದ್ದನೆಯ ಕೆರೆ ಸಿದ್ಧ.

ಗಿಡಗಳ ಮಾತು ಕೊನೆಗೆ ಬಂತು, ಬರಲಿ. ಹುಲ್ಲುಹಾಸಿನ ಮೆಕ್ಸಿಕನ್ ಹುಲ್ಲಿಗೆ ದಿನವಿಡೀ ಬಿಸಿಲು ಬೇಕು. ನಾಲ್ಕು ತಿಂಗಳು ಮೋಡ ಕವಿದರೆ ಅದು ಹಳದಿಯಾಗದೆ ಇನ್ನೇನು ಮಾಡೀತು? ಕಡಲ ಬದಿಯ ಉಪ್ಪುಗಾಳಿಗೆ ಎದುರಾಗಿ ಸುರಹೊನ್ನೆ, ಕೇದಿಗೆ, ಗಾಳಿಮರ ನಿಲ್ಲಲಿ. ಹೂಗಿಡ ಅವುಗಳ ಬೆನ್ನಿಗೆ. ತೆಂಗಿನ ನಡುವೆ 25 ಅಡಿ. ಚಿರೇಕಲ್ಲಿನ ನೆಲವಾದರೆ ಉದ್ದ, ಅಗಲ, ಆಳ ಮೂರೂ 4 ಅಡಿಯ ಗುಂಡಿ ತೋಡಿ, ನೆಡುವ ಆರು ತಿಂಗಳು ಮೊದಲೇ ತಳಕ್ಕೆ 2 ಕೆ.ಜಿ. ಉಪ್ಪು ಹಾಕಿಡಿ, ಕಲ್ಲು ಮೆದುವಾಗುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಹರಳುಪ್ಪೇ ಸಾಕು, ಪ್ಯಾಕೆಟ್ ಉಪ್ಪು ಸುರಿಯಬೇಡಿ.

ಬಟ್ಟೆ ತಂತಿಯೊಂದು ಉಳಿಯಿತು. ಚಿತ್ರದಲ್ಲಿ ಅದಕ್ಕೂ ಜಾಗ ಬಿಟ್ಟಿಲ್ಲ. ದಕ್ಷಿಣ ಬದಿಗೆ ಕಟ್ಟಿಸಿ. ಆಷಾಢದಲ್ಲಂತೂ ಎಲ್ಲಿ ಕಟ್ಟಿದರೂ ಒಣಗುವುದಿಲ್ಲ, ಬಚ್ಚಲೊಲೆಯ ಮೇಲೆ ಹರವುವುದೇ.